ಒಂದನೇ ಆರೋಪಿಯ ಗುಣನಡತೆ

ನಾನು ಪೊಲೀಸ್ ಇಲಾಖೆಗೆ ಆಯ್ಕೆಯಾದದ್ದು ಓಟದಲ್ಲಿ ಮುಂದೆ ಬಂದು. ಸಿದ್ದಾಪುರದ ಮೈದಾನದಲ್ಲಿ ದಿನಾ ಬೆಳಿಗ್ಗೆ ಓಡಿ ಕಾಲು ಗಟ್ಟಿ ಮಾಡಿಕೊಂಡಿದ್ದೆ. ಇನ್ನು ಕಳ್ಳರನ್ನು ಅಟ್ಟಿಸಿಕೊಂಡು ಹೋಗುವುದೊಂದೇ ಬಾಕಿ ಎಂಬ ಹುರುಪಿನಲ್ಲಿದ್ದೆ. ಮೊದಲ ಠಾಣೆಯ ಸಾಹೇಬರು ನನ್ನಿಂದ ಒಂದು ಅರ್ಜಿ ಬರೆಸಿ, ಅಕ್ಷರ ನೋಡಿ, "ನಾಯ್ಕ, ನೀನು ಇಲ್ಲೇ ಕೂತ್ಕೊ" ಎಂದರು. ಹಾಗೆ ಕೂತವನು ನಿವೃತ್ತಿಯಾಗುವ ತನಕ ಬಹುಪಾಲು ಕೂತೇ ಇದ್ದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಠಾಣೆ ಬದಲಾಯಿತು, ಕುರ್ಚಿ ಬದಲಾಯಿತು, ಕೆಲಸ ಮಾತ್ರ ಅದೇ. ಠಾಣೆಯ ರೈಟರ್.

ಈಗ ಹೊಸದಾಗಿ ರೈಟರ್ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ "ಬೇಜಾರಿನ ಕೆಲಸ ಅಲ್ವಾ ಸರ್" ಎನ್ನುತ್ತಾರೆ. ನನಗೆ ಬೇಜಾರಾಗಲಿಲ್ಲ. ಅದು ಯಾಕೆ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಠಾಣೆಗೆ ಬರುವವರೆಲ್ಲ ದೂರು ಕೊಡಲಿಕ್ಕೆ ಬರುತ್ತಾರೆ ಎಂದು ಹೊರಗಿನವರು ತಿಳಿದಿದ್ದಾರೆ. ಅರ್ಧಕ್ಕರ್ಧ ಜನ ಬರುವುದು ಕಾಗದ ಕೇಳಲಿಕ್ಕೆ. ಬಸ್ಸು ಬಡಿದು ಕಾಲು ಮುರಿದವನಿಗೆ ವಿಮೆಗಾಗಿ ಎಫ್‌ಐಆರ್ ನಕಲು ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದುಕೊಂಡವಳಿಗೆ, ಕಳೆದದ್ದು ನಿಜ ಎಂದು ನಮ್ಮಿಂದ ಒಂದು ಚೀಟಿ ಬೇಕು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದವರ ಮೇಲೆ, ಸರ್ಕಾರಿ ನೌಕರಿಗೆ ಆಯ್ಕೆಯಾದವರ ಮೇಲೆ ಕೇಸು ಇದೆಯೋ ಇಲ್ಲವೋ, ನಡತೆ ಹೇಗೆ ಎಂದು ಮೇಲಿನ ಕಚೇರಿ ಕೇಳುತ್ತದೆ. ಅದಕ್ಕೆ ಗುಣನಡತೆ ವರದಿ ಎಂದು ಹೆಸರು. ನಾಲ್ಕು ಸಾಲಿನ ಆ ವರದಿಗಾಗಿ ಒಂದು ಮನೆಯವರು ತಿಂಗಳುಗಟ್ಟಲೆ ಕಾಯುತ್ತಿರುತ್ತಾರೆ. ಇದು ನನಗೆ ಅರ್ಥವಾಗಲು ಒಂದೆರಡು ವರ್ಷ ಹಿಡಿಯಿತು.

ತೊಂಬತ್ತರ ದಶಕದ ಮೊದಲಿಗೆ ಯಲ್ಲಾಪುರ ತಾಲೂಕಿನಲ್ಲಿದ್ದೆ. ಉಮ್ಮಚಗಿ ಕಡೆಯ ಒಬ್ಬ ಅಡುಗೆ ಭಟ್ಟರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಅವರ ಕೈರುಚಿ ಉಂಡಿದ್ದ ಯಾರೋ ಸಿಂಗಾಪುರದಲ್ಲಿ ಮಗಳ ಮದುವೆಗೆ ಇವರೇ ಬರಬೇಕೆಂದು ಹಟ ಹಿಡಿದಿದ್ದರಂತೆ. ವಿಚಾರಣೆಗೆ ನಾನು ಖಾಕಿಯಲ್ಲೇ ಹೋದೆ. ಬಸ್ಸಿಳಿದು ಅವರ ಮನೆ ಯಾವುದೆಂದು ಕೇಳುವಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಭಟ್ಟರು ಬಾಗಿಲಿಗೆ ಬಂದವರು ಚೌಕಟ್ಟು ಹಿಡಿದು ನಿಂತರು.

"ಎಂತ ಆತು ಮಾರಾಯ್ರೆ? ಆನು ಎಂತೂ ಮಾಡಿದ್ನಿಲ್ಲೆ" ಎಂದರು.

ಪಾಸ್‌ಪೋರ್ಟಿನ ವಿಚಾರಣೆ ಎಂದು ಹೇಳಿದರೂ ಅವರ ಮುಖಕ್ಕೆ ಬಣ್ಣ ಬರಲು ಹೊತ್ತು ಹಿಡಿಯಿತು. ನೆರೆಯವರನ್ನು ಕೇಳುವುದು ಕ್ರಮ. ಪಕ್ಕದ ಮನೆಯ ಹಿರಿಯರ ಹತ್ತಿರ ಹೋದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಿ ಬಂದು, ಗಂಭೀರವಾಗಿ ಕೂತರು.

"ನೋಡಿ, ಎಂಗೂ ಅವಂಗೂ ಮಾತಿಲ್ಲೆ. ಬೇಲಿ ವಿಷಯಕ್ಕೆ ಬಿಟ್ಟು ಸುಮಾರು ವರ್ಷ ಆತು. ಆದ್ರೂ ಬರ್ಕಳಿ, ಅವ ಒಳ್ಳೆ ಮನ್ಷ. ಸಾರಿಗೆ ಉಪ್ಪು ಒಂಚೂರು ಜೋರು ಹಾಕ್ತ. ಅದು ಬಿಟ್ರೆ ಬೇರೆ ದೋಷ ಎಂತೂ ಇಲ್ಲೆ."

ಉಪ್ಪಿನ ವಿಷಯ ಬಿಟ್ಟು ಉಳಿದದ್ದನ್ನು ಬರೆದೆ. ಆದರೆ ನಾನು ಹೋಗಿ ಬಂದ ಮೇಲೆ, ಭಟ್ಟರು ಯಾವುದೋ ಮದುವೆಮನೆಯ ಪಾತ್ರೆ ಕದ್ದು ಸಾಗಿಸಿದ್ದಕ್ಕೆ ಪೊಲೀಸರು ಬಂದಿದ್ದರು ಎಂದು ಊರಲ್ಲಿ ಮಾತಾಯಿತಂತೆ. ಅವರು ಸಿಂಗಾಪುರಕ್ಕೆ ಹೋಗಿ ಬಂದು, ಠಾಣೆಗೆ ಚಾಕಲೇಟು ಹಂಚಲು ಬಂದಾಗ ನಗುತ್ತಲೇ ಹೇಳಿದರು. ಅಂದಿನಿಂದ ಇಂಥ ವಿಚಾರಣೆಗೆ ಹೋಗುವಾಗ ನಾನು ಸಾದಾ ಅಂಗಿ ಹಾಕುತ್ತಿದ್ದೆ. ನೀವೂ ಹಾಕಿ.

ವರದಿ ಬರೆಯುವುದನ್ನು ನನಗೆ ಕಲಿಸಿದವರು ಆ ಕಾಲದ ನಮ್ಮ ಸರ್ಕಲ್ ಸಾಹೇಬರು. ದೊಡ್ಡ ದನಿಯ ಮನುಷ್ಯ ಅಲ್ಲ. ವರದಿ ತಂದು ಮೇಜಿನ ಮೇಲಿಟ್ಟರೆ ಕನ್ನಡಕ ಏರಿಸಿ ಓದಿ, "ನಡತೆ ಉತ್ತಮ ಅಂತ ತಿಳಿದುಬಂದಿರುತ್ತದೆ ಅಂತ ಬರ್ದಿದ್ದೀಯ. ಯಾರಿಂದ ತಿಳೀತು?" ಎಂದು ಕೇಳುತ್ತಿದ್ದರು. ಹೆಸರು ಹೇಳಲು ತಡವರಿಸಿದರೆ ಕಾಗದ ವಾಪಸು. ಒಮ್ಮೆ ಬಸ್ ಡ್ರೈವರ್ ಕೆಲಸಕ್ಕೆ ಆಯ್ಕೆಯಾದ ಒಬ್ಬನ ಮೇಲೆ ಕಳವಿನ ಕೇಸಿದೆ ಎಂದು ಒಂದು ಠಾಣೆಯಿಂದ ವರದಿ ಬಂತು. ಇವರು ಅದನ್ನು ಮುಂದೆ ಕಳಿಸಲಿಲ್ಲ. "ಮಂಜುನಾಥ ರಾಮ ನಾಯ್ಕ ಅಂದ್ರೆ ನಮ್ಮ ಸೀಮೆಯಲ್ಲಿ ಕೇರಿಗೊಬ್ಬ. ಮನೆ ಹೆಸರು ಕೇಳ್ಕಂಡು ಬಾ" ಎಂದು ನನ್ನನ್ನು ಅಟ್ಟಿದರು. ಕದ್ದವನು ಬೇರೆ ಮಂಜುನಾಥ, ಅವನ ಅಪ್ಪ ರಾಮನೂ ಬೇರೆ. ಡ್ರೈವರಿಗೆ ಇದ್ಯಾವುದೂ ಗೊತ್ತೇ ಆಗಲಿಲ್ಲ. ಅವನು ಹುಬ್ಬಳ್ಳಿ ಬಸ್ಸು ಓಡಿಸುತ್ತ ಎಷ್ಟೋ ಸಲ ನನ್ನನ್ನು ಕೂರಿಸಿಕೊಂಡು ಹೋಗಿದ್ದಾನೆ. ನಾನೂ ಹೇಳಿಲ್ಲ.

ಈಗ ನಿಮಗೆಲ್ಲ ಕಂಪ್ಯೂಟರ್ ಬಂದಿದೆ. ಹೆಸರು ಒತ್ತಿದರೆ ಯಾವ ಜಿಲ್ಲೆಯ ಕೇಸಾದರೂ ಪರದೆಯ ಮೇಲೆ ಬರುತ್ತದೆ. ನಮ್ಮ ಕಾಲದಲ್ಲಿ ರಿಜಿಸ್ಟರಿನ ಧೂಳು ಕೊಡವಿ, ವರ್ಷ ವರ್ಷದ ಪುಟ ತಿರುವಿ ನೋಡಬೇಕಿತ್ತು. ಪೆನ್ನು ಗಟ್ಟಿಯಾಗಿ ಒತ್ತದಿದ್ದರೆ ಕಾರ್ಬನ್ನಿನ ಮೂರನೇ ಪ್ರತಿ ಓದಲು ಬರುತ್ತಿರಲಿಲ್ಲ. ಕಂಪ್ಯೂಟರ್ ಒಳ್ಳೆಯದೇ. ಆದರೆ ಯಾರೋ ತುಂಬಿದ್ದನ್ನೇ ಅದು ತೋರಿಸುತ್ತದೆ, ತುಂಬದೆ ಬಿಟ್ಟದ್ದನ್ನು ತೋರಿಸುವುದಿಲ್ಲ. ರೇಣುಕಾ ಎಂಬ ಹುಡುಗಿಯ ಸಂಗತಿ ನಡೆದದ್ದು ಹಾಗೆ ತುಂಬದೆ ಬಿಟ್ಟ ಒಂದು ಜಾಗದಿಂದ. ನನ್ನ ಇಡೀ ನೌಕರಿಯಲ್ಲಿ ಹೆಚ್ಚು ನೆನಪಿರುವುದು ಅದೇ ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಶಿರಸಿಯಿಂದ ಪೂರ್ವಕ್ಕೆ, ಬನವಾಸಿಯ ಆಚೀಚೆಯ ಹಳ್ಳಿಗಳಲ್ಲಿ ಮಾತು ಬೇರೆಯಾಗುತ್ತದೆ. ಹಾವೇರಿಯ ಗಾಳಿ ಬೀಸುತ್ತದೆ. ಅಲ್ಲಿಯ ಒಂದು ಠಾಣೆಗೆ ನನ್ನನ್ನು ಹಾಕಿದ್ದರು. ಯಾವುದೆಂದು ಹೇಳುವುದಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಒಂದು ಹಳ್ಳಿಯ ಬಸ್ ನಿಲ್ದಾಣದ ಪಕ್ಕ ಲೈಸನ್ಸಿನ ಸಾರಾಯಿ ಅಂಗಡಿ ಇತ್ತು. ಆಗ ಸಾರಾಯಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ನಮ್ಮ ಮಾತಿನಲ್ಲಿ ಕೊಟ್ಟೆಯಲ್ಲಿ, ಬರುತ್ತಿತ್ತು. ಶುಂಠಿ ಗದ್ದೆಯಲ್ಲಿ ದುಡಿದ ಗಂಡಸರು ಕೂಲಿಯನ್ನು ಅಲ್ಲೇ ಕೊಟ್ಟು ಮನೆಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಊರಿನ ಹೆಂಗಸರು ಒಟ್ಟಾಗಿ ಬಂದು, ಕೊಟ್ಟೆಗಳ ಪೆಟ್ಟಿಗೆಗಳನ್ನು ಹೊರಗೆಳೆದು, ರಸ್ತೆಗೆ ಸುರಿದು ತುಳಿದರು. ನಾವು ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ರಸ್ತೆಯಿಡೀ ಘಾಟು. ಹೆಂಗಸರು ಕಾಲು ತೊಳೆದುಕೊಂಡು ನಿಲ್ದಾಣದ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು, ಬಸ್ಸಿಗೆ ಕಾದವರ ಹಾಗೆ.

ಅಂಗಡಿಯ ಗುತ್ತಿಗೆದಾರ ದೂರು ಕೊಟ್ಟ. ಹೆಂಗಸರನ್ನು ಠಾಣೆಗೆ ಕರೆತಂದೆವು. ಹೆಸರು ಕೇಳಿದರೆ ಒಬ್ಬಳು ಒಂದು ಹೇಳುತ್ತಾಳೆ, ಪಕ್ಕದವಳು ಇನ್ನೊಂದು ತಿದ್ದುತ್ತಾಳೆ. ಗದ್ದಲವೋ ಗದ್ದಲ. ಆಗ ಗುಂಪಿನಿಂದ ಒಬ್ಬ ಹುಡುಗಿ ಮುಂದೆ ಬಂದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು, ರೇಣುಕಾ.

"ಹಾಳಿ ಕೊಡ್ರಿ ಸರ, ನಾನ ಬರದು ಕೊಡ್ತೀನಿ" ಎಂದಳು.

ಅಷ್ಟು ಜನರಲ್ಲಿ ಸರಿಯಾಗಿ ಬರೆಯಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಮೊದಲು ತನ್ನ ಹೆಸರು ಬರೆದಳು, ಕೆಳಗೆ ತಾಯಿ ಗಂಗವ್ವನದು, ಅದರ ಕೆಳಗೆ ಉಳಿದವರದು. ಆ ಕ್ರಮದಲ್ಲೇ ಎಫ್‌ಐಆರ್‌ಗೆ ಹೋಯಿತು. ಹಾಗೆ ರೇಣುಕಾ ಒಂದನೇ ಆರೋಪಿಯಾದಳು. ಗುಂಪಿನ ನಾಯಕಿ ಎಂದೇನೂ ಅಲ್ಲ, ಪೆನ್ನು ಹಿಡಿದಿದ್ದಳು ಎಂದು ಅಷ್ಟೇ. ಅಕ್ರಮ ಕೂಟ, ಆಸ್ತಿಗೆ ಹಾನಿ ಎಂದು ಕಲಂ ಹಾಕಿ ಕೇಸು ಶಿರಸಿ ಕೋರ್ಟಿಗೆ ಹೋಯಿತು. ನನಗೆ ಬೇರೆ ಠಾಣೆಗೆ ವರ್ಗವಾಯಿತು.

ಕೆಲವು ವರ್ಷಗಳ ಮೇಲೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾನು ಹೆಡ್ ಕಾನ್‌ಸ್ಟೇಬಲ್ ಆಗಿ ಅದೇ ಠಾಣೆಯ ರೈಟರ್ ಕುರ್ಚಿಗೆ ಮರಳಿ ಬಂದೆ. ಹಾಸನ ಕಡೆಯ ಒಬ್ಬ ಯುವಕ ಸಬ್ ಇನ್‌ಸ್ಪೆಕ್ಟರ್ ಆಗಿದ್ದರು. ಚುರುಕು ಮನುಷ್ಯ, ಸ್ವಲ್ಪ ಮುಂಗೋಪಿ. ಒಂದು ದಿನ ಜಿಲ್ಲಾ ಕಚೇರಿಯಿಂದ ಗುಣನಡತೆ ವರದಿ ಕೇಳಿ ಕಾಗದ ಬಂತು. ಮಹಿಳಾ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾದವಳು ರೇಣುಕಾ. ಅಭ್ಯರ್ಥಿ ಸ್ವತಃ ತುಂಬಿದ ನಮೂನೆ ಜೊತೆಗಿತ್ತು. 'ನಿಮ್ಮ ಮೇಲೆ ಎಂದಾದರೂ ಮೊಕದ್ದಮೆ ಆಗಿದೆಯೇ' ಎಂಬಲ್ಲಿ 'ಹೌದು' ಎಂದು ಬರೆದು, ಕೆಳಗೆ ಮುತ್ತು ಪೋಣಿಸಿದ ಅಕ್ಷರದಲ್ಲಿ ಸಾರಾಯಿ ಅಂಗಡಿಯ ಕಥೆ ಬರೆದಿದ್ದಳು.

ಪಿಎಸ್‌ಐ ಸಾಹೇಬರು ಓದಿ ನಕ್ಕರು. "ನಾಯ್ಕ್ರೆ, ನಮ್ಮ ಠಾಣೆ ಒಂದನೇ ಆರೋಪಿ ಪೊಲೀಸ್ ಆಗ್ಬೇಕಂತೆ. ಕೇಸಿದೆ ಅಂತ ಬರೆದು ಕಳಿಸಿ. ಉಳಿದದ್ದು ಮೇಲಿನವರು ನೋಡ್ಕೋತಾರೆ."

ರಿಜಿಸ್ಟರ್ ತೆಗೆದು ನೋಡಿದೆ. ಕೇಸಿನ ನಂಬರು, ಕಲಂ, ಆರೋಪಿಗಳ ಹೆಸರು ಎಲ್ಲ ಇದೆ. ಕೋರ್ಟಿನಲ್ಲಿ ಏನಾಯಿತು ಎಂಬಲ್ಲಿ ಖಾಲಿ. ಯಾರೂ ತುಂಬಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಳಿಸಿದರೆ ಅವಳ ಮೇಲೆ ಕೇಸು ಇನ್ನೂ ನಡೆಯುತ್ತಿದೆ ಎಂದೇ ಓದಿಕೊಳ್ಳುತ್ತಾರೆ. ಅಲ್ಲಿಗೆ ನೌಕರಿ ಹೋಯಿತು.

"ಸರ್, ಮುಂದೇನಾಯಿತು ಅಂತ ನಮ್ಮಲ್ಲಿ ದಾಖಲೆ ಇಲ್ಲ. ಸ್ವಲ್ಪ ದಿನ ಕೊಡಿ, ವಿಚಾರಿಸ್ತೇನೆ" ಎಂದೆ.

"ವಾರದೊಳಗೆ ಆಗ್ಬೇಕು. ಅವಳಿಗೋಸ್ಕರ ನಾನು ಮೆಮೊ ತಗೊಳೋಕಾಗಲ್ಲ" ಎಂದರು.

ಠಾಣೆಗೆ ಕಾಗದ ಬಂದದ್ದು ಹೇಗೋ ತಿಳಿದು ಮರುದಿನ ಗಂಗವ್ವ ಒಬ್ಬಳೇ ಬಂದಳು. ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತು ನನ್ನನ್ನೇ ಕರೆಸಿದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಮಾತಾಡಿದಳು.

"ಸಾಹೇಬ್ರ, ನೀವು ಆವತ್ತ ಇದ್ದವರು. ನಿಮಗ ಗೊತ್ತೈತಿ. ಅದೊಂದು ಬರೀಬ್ಯಾಡ್ರಿ. ಹಳೇ ಬುಕ್ಕು ಯಾರು ತಗದು ನೋಡ್ತಾರ? ಆಕಿ ಅಪ್ಪ ಕುಡದು ಕುಡದು ಹೋದ. ಆಕೀನ ದುಡದು ನನ್ನ ನೋಡಬೇಕ್ರಿ."

"ನಿಮ್ಮ ಮಗಳೇ ಹೌದು ಅಂತ ಬರೆದು ಕೊಟ್ಟಿದ್ದಾಳಲ್ಲ ಗಂಗವ್ವ."

ಅವಳಿಗೆ ಅದು ಗೊತ್ತಿರಲಿಲ್ಲ. "ಹುಚ್ಚಿ" ಎಂದಳು ಮೆಲ್ಲಗೆ. ಬೈದದ್ದೋ ಮೆಚ್ಚಿದ್ದೋ ನನಗೆ ತಿಳಿಯಲಿಲ್ಲ.

ಸಂಜೆ ರೇಣುಕಾಳೇ ಬಂದಳು. ಹಿಂದಿನ ಹುಡುಗಿ ಈಗ ಎತ್ತರಕ್ಕೆ ಬೆಳೆದು, ಓಟದ ಅಭ್ಯಾಸದಿಂದ ಮೈ ಗಟ್ಟಿ ಮಾಡಿಕೊಂಡಿದ್ದಳು. ನಾನು ಕೇಳಿದೆ. "ಹೌದು ಅಂತ ಬರೀಬೇಡ ಅಂತ ಯಾರೂ ಹೇಳಲಿಲ್ವಾ?"

"ಎಲ್ಲಾರೂ ಹೇಳಿದ್ರು ಸರ. ಇಲ್ಲ ಅಂತ ಬರದ ನೌಕರಿಗೆ ಸೇರಿದ್ರ, ದಿನಾ ಯಾರು ಬರ್ತಾರೋ ಯಾರು ಹೇಳ್ತಾರೋ ಅಂತ ಹೆದರಕೋತ ಇರಬೇಕು. ಮತ್ತ ನಾವು ಕದ್ದೇವೇನು? ಹಗಲೊತ್ತಿನ್ಯಾಗ ಎಲ್ಲಾರ ಮುಂದ ಮಾಡೇವಿ."

ಇದನ್ನು ನೌಕರಿಗೆ ಸೇರುವ ಮಕ್ಕಳೆಲ್ಲ ಕೇಳಬೇಕು. ಕೇಸು ಇದ್ದದ್ದಕ್ಕೆ ಕೆಲಸ ಕಳೆದುಕೊಂಡವರಿಗಿಂತ, ಇದ್ದದ್ದನ್ನು ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದು ಕಳೆದುಕೊಂಡವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಕೇಸು ಖುಲಾಸೆಯಾಗಿದೆ ಎಂದು ಅವಳು ಹೇಳಿದಳು. ಗುತ್ತಿಗೆದಾರನ ಗುತ್ತಿಗೆ ಮುಗಿದು ಅವನು ಊರು ಬಿಟ್ಟಿದ್ದ, ಸಾಕ್ಷಿ ಹೇಳಲು ಬರಲೇ ಇಲ್ಲ. ಒಂದು ದಿನ ಜಡ್ಜ್ ಸಾಹೇಬರು ನಿಮ್ಮದು ಮುಗಿಯಿತು, ಹೋಗಿ ಎಂದರಂತೆ. ಇವರು ಬಸ್ಸು ಹತ್ತಿ ಮನೆಗೆ ಬಂದರು. ಕೈಯಲ್ಲಿ ಕಾಗದವಿಲ್ಲ. ನಕಲಿಗೆ ಅರ್ಜಿ ಹಾಕಲು ಕೋರ್ಟಿನ ನಂಬರು ಬೇಕು, ಅದು ಅವಳಿಗೆ ಗೊತ್ತಿಲ್ಲ. ನಮ್ಮ ಹಳೆಯ ಕಡತಗಳ ಕೋಣೆಯಲ್ಲಿ ಆ ಕೇಸಿನ ಚಾರ್ಜ್‌ಶೀಟಿನ ಪ್ರತಿ ಹುಡುಕಿ ನಂಬರು ಬರೆದುಕೊಟ್ಟೆ. ಮರುದಿನ ಶಿರಸಿಗೆ ನನಗೂ ಕೋರ್ಟ್ ಕೆಲಸವಿತ್ತು. ಒಂದೇ ಬಸ್ಸಿಗೆ ಹೋದೆವು.

ದಾಖಲೆ ವಿಭಾಗದ ಗುಮಾಸ್ತರು, "ಹಳೇದು ಕೆಳಗಿನ ಕೋಣೆಗೆ ಹೋಗಿದೆ, ಮುಂದಿನ ವಾರ ಬನ್ನಿ" ಎಂದರು. ಮುಂದಿನ ವಾರವೆಂದರೆ ನಮ್ಮ ಗಡುವು ಮುಗಿದಿರುತ್ತದೆ. ರೇಣುಕಾ ಜಗಳ ಮಾಡಲಿಲ್ಲ. "ನಾನು ಇಲ್ಲೇ ಕುಂದರ್ತೀನ್ರಿ. ನೀವು ಕೆಲಸ ಮುಗಿಸಿ ಬಿಡುವಾದಾಗ ನೋಡ್ರಿ" ಎಂದು ಬೆಂಚಿನ ಮೇಲೆ ಕೂತಳು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ನನ್ನ ಕೆಲಸ ಮುಗಿಸಿ ಬಂದಾಗಲೂ ಅಲ್ಲೇ ಇದ್ದಳು. ಗುಮಾಸ್ತರು ಊಟ ಮುಗಿಸಿ ಬಂದವರು ಅವಳನ್ನು ನೋಡಿದರು, ಕೀಲಿ ತೆಗೆದುಕೊಂಡು ಕೆಳಗೆ ಹೋದರು. ಗಡುವಿನ ಹಿಂದಿನ ದಿನ ಮೊಹರು ಹಾಕಿದ ತೀರ್ಪಿನ ನಕಲು ಅವಳ ಕೈಗೆ ಬಂತು.

ಪಿಎಸ್‌ಐ ಸಾಹೇಬರು ಅದನ್ನು ಎರಡು ಸಲ ಓದಿದರು. ತಾಯಿ ಮಗಳಿಬ್ಬರನ್ನೂ ಒಳಗೆ ಕರೆಸಿದರು. ಗಂಗವ್ವ ಗೋಡೆಗೆ ಒತ್ತಿ ನಿಂತಳು.

"ಸಾಕ್ಷಿ ಇಲ್ಲ ಅಂತ ಬಿಟ್ಟಿದ್ದಾರೆ. ನೀವು ಮಾಡಿಲ್ಲ ಅಂತ ಹೇಳಿಲ್ಲ. ಈಗ ನೀನೇ ಹೇಳಮ್ಮ, ಮಾಡಿದ್ದು ಹೌದೋ ಅಲ್ವೋ?"

ಗಂಗವ್ವ ಮಗಳ ರಟ್ಟೆ ಹಿಡಿದಳು. ಕೋರ್ಟೇ ಬಿಟ್ಟ ಮೇಲೆ ಆ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲ. ಹಾಗೆಂದು ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ಉತ್ತರ ಕೊಟ್ಟಳು.

"ಹೌದ್ರಿ ಸರ. ತುಳದೀನಿ."

"ನಾಳೆ ನೀನು ಯೂನಿಫಾರ್ಮಿನಲ್ಲಿರ್ತೀಯ. ಹೀಗೇ ಹೆಂಗಸರು ಅಂಗಡಿಗೆ ನುಗ್ಗಿದ್ರೆ ಏನು ಮಾಡ್ತೀಯ?"

ಅವಳು ಯೋಚಿಸಿದಳು. ಆಮೇಲೆ ಹೇಳಿದಳು. "ತಡೀತೀನಿ ಸರ. ಕೇಳದಿದ್ರ ಹೆಸರು ಬರಕೋತೀನಿ. ಕೇಸ್ ಆಗೂದು ಇದ್ರ ಆಗಲಿ. ಆದ್ರ ಅವರು ಯಾಕ ಬಂದಿದ್ರು ಅನ್ನೂದನ್ನೂ ಕೇಳಿ ಬರೀತೀನಿ. ನಮ್ಮ ಕೇಸಿನ್ಯಾಗ ಅದೊಂದು ಎಲ್ಲೂ ಇರಲಿಲ್ಲ. ಎಷ್ಟು ಪೆಟ್ಟಿಗಿ ಹಾಳಾತು ಅಂತ ಇತ್ತು, ಅಷ್ಟ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಕಡತ ಮುಂದಿಟ್ಟೆ. ಅವಳು ಹೇಳಿದ್ದು ನಿಜವಾಗಿತ್ತು. ದೂರು ಗುತ್ತಿಗೆದಾರನದು, ಮಾತೂ ಅವನದೇ. ಆರೋಪಿಗಳು ಏನು ಹೇಳುತ್ತಾರೆ ಎಂದು ಯಾವ ಹಾಳೆಯಲ್ಲೂ ಇರಲಿಲ್ಲ. ಅವರು ಕಡತ ಮುಚ್ಚಿ, ಕುರ್ಚಿ ಹಿಂದೆ ಸರಿಸಿ, "ಬರ್ಕೊಳ್ಳಿ ನಾಯ್ಕ್ರೆ, ನಾನೇ ಹೇಳ್ತೀನಿ" ಎಂದರು.

ಅವರು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. 'ಸದರಿ ಅಭ್ಯರ್ಥಿಯು ಈ ಠಾಣೆಯ ಪ್ರಕರಣವೊಂದರಲ್ಲಿ ಒಂದನೇ ಆರೋಪಿಯಾಗಿದ್ದು, ನ್ಯಾಯಾಲಯವು ಖುಲಾಸೆ ಮಾಡಿರುತ್ತದೆ. ತೀರ್ಪಿನ ನಕಲು ಲಗತ್ತಿಸಿದೆ. ಗ್ರಾಮದ ಮಹಿಳೆಯರು ಸಾರಾಯಿ ಅಂಗಡಿ ತೆಗೆಸಬೇಕೆಂದು ಮಾಡಿದ ಪ್ರತಿಭಟನೆಯಿಂದ ಸದರಿ ಪ್ರಕರಣ ಉಂಟಾಗಿರುತ್ತದೆ. ಅಭ್ಯರ್ಥಿಯು ಯಾವುದನ್ನೂ ಮರೆಮಾಚದೆ ತಾನಾಗಿ ತಿಳಿಸಿರುತ್ತಾಳೆ. ಈಕೆಯನ್ನು ಇಲಾಖೆಗೆ ತೆಗೆದುಕೊಳ್ಳಲು ಈ ಠಾಣೆಯ ಅಭ್ಯಂತರವಿರುವುದಿಲ್ಲ.' ಹೇಳಿ ಮುಗಿಸಿ ಸಹಿ ಹಾಕಿದರು. ಅವರು ಹೊರಗೆ ಹೋದ ಮೇಲೆ ನಾನು ರಿಜಿಸ್ಟರ್ ತೆಗೆದು, ಅಷ್ಟು ವರ್ಷ ಖಾಲಿ ಇದ್ದ ಜಾಗ ತುಂಬಿದೆ.

ಜಿಲ್ಲಾ ಕಚೇರಿಯಿಂದ ಒಂದು ಪ್ರಶ್ನೆ ಬಂತು, ಅದಕ್ಕೂ ಉತ್ತರ ಹೋಯಿತು. ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಗಂಗವ್ವ ಸಂತೆಗೆ ಬಂದಾಗಲೆಲ್ಲ ಗೇಟಿನ ಹೊರಗಿನಿಂದ ನನ್ನ ಕಡೆ ನೋಡುವುದು, ನಾನು ಇನ್ನೂ ಇಲ್ಲ ಎಂದು ತಲೆಯಾಡಿಸುವುದು, ಅವಳು ಮುಂದೆ ಹೋಗುವುದು. ಒಂದು ದಿನ ಅವಳು ಗೇಟು ದಾಟಿ ನೇರ ಒಳಗೆ ಬಂದಳು. ಆದೇಶ ಮನೆಗೇ ಬಂದಿತ್ತು. ನನ್ನ ಮೇಜಿನ ಮೇಲೆ ಒಂದು ಅನಾನಸ್ ಇಟ್ಟು, "ಆಕಿ ಟ್ರೇನಿಂಗಿಗೆ ಹೊಂಟಾಳ್ರಿ" ಎಂದಳು. ಆ ಅನಾನಸನ್ನು ಪಿಎಸ್‌ಐ ಸಾಹೇಬರೇ ಹೆಚ್ಚಿ ಠಾಣೆಗೆಲ್ಲ ಹಂಚಿದರು. ರೇಣುಕಾ ತರಬೇತಿ ಮುಗಿಸಿ ಕರಾವಳಿಯ ಕಡೆ ಕೆಲಸಕ್ಕೆ ಹೋದಳು. ಒಳ್ಳೆಯ ಹೆಸರು ಮಾಡಿದ್ದಾಳೆ ಎಂದು ಆ ಕಡೆಯಿಂದ ಬಂದವರು ಹೇಳುತ್ತಿದ್ದರು.

ಇಲ್ಲಿಗೆ ಮುಗಿಯಿತು ಎಂದು ನಾನಂದುಕೊಂಡಿದ್ದೆ. ಅವಳು ಹೋಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಠಾಣೆಯ ಮುಂದೆ ಹೆಂಗಸರ ಒಂದು ಗುಂಪು ಬಂದು ನಿಂತಿತು. ಪಹರೆಯವನು ಗಾಬರಿಯಾಗಿ ಒಳಗೆ ಬಂದ. ನೋಡಿದರೆ ಆ ಕೇಸಿನ ಉಳಿದ ಆರೋಪಿಗಳು, ಗಂಗವ್ವನೇ ಮುಂದೆ. ಎಲ್ಲರಿಗಿಂತ ಹಿರಿಯಳಾದ ಬಸವ್ವ ಮಾತು ತೆಗೆದಳು.

"ರೇಣುಕಾಗ ಕೇಸ್ ಮುಗೀತು ಅಂತ ಕಾಗದ ಕೊಟ್ಟೀರಂತ. ನಮಗೂ ಕೊಡ್ರಿ."

"ಅದೇ ತೀರ್ಪಿನಲ್ಲಿ ನಿಮ್ಮ ಹೆಸರೂ ಇದೆ ಬಸವ್ವ. ನೀವು ಯಾವ ನೌಕರಿಗೆ ಅರ್ಜಿ ಹಾಕ್ಬೇಕು?"

"ನೌಕರಿ ಯಾಕ್ರಿ ನನಗ, ಹಲ್ಲು ಬಿದ್ದಾಕಿಗೆ. ಅವತ್ತ ಪೊಲೀಸ್ ಗಾಡ್ಯಾಗ ಕುಂಡ್ರಿಸಿಕೊಂಡು ಬಂದದ್ದನ್ನ ಊರೆಲ್ಲ ನೋಡೇತಿ. ಬಿಟ್ಟದ್ದನ್ನ ಯಾರೂ ನೋಡಿಲ್ಲ. ಇವತ್ತಿಗೂ ಮಂದಿ ಜಗಳಾಡಿದ್ರ ಅದನ್ನ ಎತ್ತಿ ಆಡ್ತಾರ. ಕಾಗದ ಇದ್ರ ತೋರಸಾಕ ಆಕ್ಕೈತಿ."

ಸಾಹೇಬರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಅರ್ಜಿ ಕೊಟ್ಟವರಿಗೆ ಠಾಣೆಯಿಂದ ಲಿಖಿತ ಉತ್ತರ ಕೊಡುವ ಕ್ರಮವಿದೆ, ಹಿಂಬರಹ ಎನ್ನುತ್ತೇವೆ. "ಎಲ್ರ ಹೆಸರಲ್ಲೂ ಬೇರೆ ಬೇರೆ ಮಾಡಿ. ಒಟ್ಟಿಗೆ ಒಂದು ಬೇಡ" ಎಂದರು. ನಾನು ಅರ್ಜಿ ಬರೆದು ಹೆಬ್ಬೆಟ್ಟು ಹಾಕಿಸಿಕೊಂಡೆ, ಟೈಪ್ ಮಾಡಿದೆ. ಅವರು ಒಂದೊಂದಕ್ಕೂ ಸಹಿ ಮಾಡಿ ಮೊಹರು ಒತ್ತಿದರು. ಹೆಂಗಸರು ಬೆಂಚಿನ ಮೇಲೂ ನೆಲದ ಮೇಲೂ ಕೂತು ಕಾದರು.

ಮೊದಲು ಬಸವ್ವನನ್ನು ಕರೆದು ಕೊಟ್ಟೆ. ಅವಳು ಕಾಗದವನ್ನು ತಿರುಗಿಸಿ ನೋಡಿ ಮತ್ತೆ ನನ್ನ ಕೈಗೇ ಕೊಟ್ಟಳು. "ಓದ್ರಿ" ಎಂದಳು. ಓದಿದೆ. ಇಂಥ ಊರಿನ ಬಸವ್ವ ಇವರ ಮೇಲಿದ್ದ ಪ್ರಕರಣ ಖುಲಾಸೆಯಾಗಿದ್ದು, ಈಗ ಇವರ ಮೇಲೆ ಈ ಠಾಣೆಯಲ್ಲಿ ಯಾವ ಪ್ರಕರಣವೂ ಇರುವುದಿಲ್ಲ. ಅವಳು ತಲೆದೂಗಿ, ನಾಲ್ಕು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಂಡಳು. ಎರಡನೆಯವಳನ್ನು ಕರೆದು, "ನಿಮ್ಮದೂ ಇದೇ" ಎಂದು ಕೊಡಹೋದೆ. ಅವಳು ಕೈ ಚಾಚಲಿಲ್ಲ.

"ಅದು ಬಸವ್ವಂದು ಓದಿದ್ರಿ. ನಂದು ಓದ್ರಿ" ಎಂದಳು.

ಹೆಸರು ಬಿಟ್ಟರೆ ಒಕ್ಕಣೆ ಒಂದೇ. ಆದರೂ ಪ್ರತಿಯೊಬ್ಬಳದನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಮಧ್ಯಾಹ್ನ ಠಾಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ. ತನ್ನ ಹೆಸರು ಬಂದಾಗ ಒಬ್ಬೊಬ್ಬಳೂ ಎದ್ದು ನಿಂತು ಕೇಳಿದಳು.